ಮೇಕೆಮರಿಗೆ ಕ್ರೋಶಾ ಕುಕ್ಕೆ

ಸುತ್ತಳತೆ ಒಂದು ಗೇಣಿಗೆ ಎರಡು ಬೆರಳು ಕಡಿಮೆ. ಕಣ್ಣಿನ ಕೆಳಗಿನಿಂದ ಮೂಗಿನ ತುದಿಯವರೆಗೆ ನಾಲ್ಕು ಬೆರಳು. ದವಡೆ ಒಂದೇ ಸಮನೆ ಆಡುತ್ತಿದ್ದುದರಿಂದ ಅಳತೆಯನ್ನು ಎರಡು ಸಲ ತೆಗೆಯಬೇಕಾಯಿತು. ಎರಡನೆಯ ಸಲಕ್ಕೆ ಅಳತೆಯ ದಾರವೇ ಗಿಡ್ಡವಾಗಿತ್ತು. ತುದಿಯನ್ನು ಅದು ತಿಂದಿತ್ತು.

ಅದು ಅಂದರೆ ನಮ್ಮ ಅಜ್ಜಿಯ ಮೇಕೆಮರಿ. ನನ್ನ ಕ್ರೋಶಾ ಕಡ್ಡಿ ಒಂದು ದಿನ ಮೇಕೆಯ ಮೂತಿಯವರೆಗೆ ಹೋಗುತ್ತದೆಂದು ನಾನೂ ಅಂದುಕೊಂಡಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಚನ್ನಪಟ್ಟಣದ ನಮ್ಮ ಮನೆಯಲ್ಲಿ ಹೊದಿಸಲು ಏನೂ ಉಳಿದಿರಲಿಲ್ಲ.

ಕ್ರೋಶಾ ಕಲಿತದ್ದು ಎಂ.ಎಸ್ಸಿ. ಓದುವಾಗ, ಹಾಸ್ಟೆಲಿನಲ್ಲಿ. ಯಾರ ಜೊತೆಗೂ ಮಾತಾಡದೆ ಜನರ ನಡುವೆ ಕೂತಿರಲು ಅದಕ್ಕಿಂತ ಒಳ್ಳೆಯ ನೆಪ ನನಗೆ ಸಿಕ್ಕಿಲ್ಲ. ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತ ಮನೆಯಲ್ಲಿ ಕೂತ ಮೇಲೆ ಟೀವಿಗೆ, ಮಿಕ್ಸಿಗೆ, ಫ್ರಿಜ್ಜಿನ ಹಿಡಿಗೆ, ನೀರಿನ ಹೂಜಿಗೆ ಒಂದೊಂದು ಹೊದಿಕೆ ಬಂತು. ಫೋನಿನ ರಿಸೀವರಿಗೆ ನಾನು ಹಾಕಿದ ಚೀಲ ತುಸು ದಪ್ಪವಾಯಿತು. ಫೋನು ಮಾಡಿದ ನೆಂಟರೆಲ್ಲ ಅಪ್ಪನಿಗೆ ನೆಗಡಿಯೇ ಎಂದು ವಿಚಾರಿಸತೊಡಗಿದರು.

"ಇವಳ ಮುಂದೆ ಸುಮ್ನೆ ಕೂತ್ಕೋಬೇಡ ಕಣೆ, ನಿಂಗೂ ಒಂದು ಹಾಕ್ಬುಡ್ತಾಳೆ," ಎಂದು ಅಪ್ಪ ಅಮ್ಮನಿಗೆ ಎಚ್ಚರಿಕೆ ಕೊಟ್ಟರು.

ಹೆಣಿಗೆ ಕಷ್ಟ ಎನ್ನುತ್ತಾರೆ. ಹೆಣಿಗೆ ಕಷ್ಟವಲ್ಲ. ಚೈನು, ಕಂಬ, ಮತ್ತೆ ಚೈನು. ಬೆರಳಿಗೆ ಒಮ್ಮೆ ಬಂದರೆ ತಲೆ ಬೇಕಿಲ್ಲ. ಕಷ್ಟವಿರುವುದು ಏನು ಹೆಣೆಯಬೇಕು ಎಂಬುದರಲ್ಲಿ. ಈ ಹುಚ್ಚು ಹತ್ತಿದವರಿಗೆ ಲೋಕದ ವಸ್ತುಗಳು ಎರಡೇ ಬಗೆ: ಹೊದಿಕೆ ಇರುವವು, ಹೊದಿಕೆ ಇಲ್ಲದವು. ಯಾರದೋ ಮನೆಗೆ ಹೋಗಿ ಕಾಫಿ ಕುಡಿಯುತ್ತ ತಲೆ ತಗ್ಗಿಸಿ ಕೂತರೆ, ಎಷ್ಟು ಸಂಕೋಚದ ಹುಡುಗಿ ಎಂದು ಅವರು ಮೆಚ್ಚುತ್ತಿದ್ದರು. ನಾನು ಅವರ ಟೀಪಾಯಿಯ ಅಳತೆಯನ್ನು ಕಣ್ಣಲ್ಲೇ ತೆಗೆಯುತ್ತಿರುತ್ತಿದ್ದೆ.

ಕೊನೆಗೆ ಅಮ್ಮ ನನ್ನನ್ನು ಅಕ್ಕೂರಿಗೆ, ಅಜ್ಜಿಯ ಮನೆಗೆ ಕಳಿಸಿದರು. ಅಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವ ಕಾಲ. ನಾಲ್ಕನೆಯದರಿಂದ ಎದ್ದ ಮೇಲೆ ಅವು ತಿನ್ನುವುದಕ್ಕೆ ಲೆಕ್ಕವಿಲ್ಲ. ಅಜ್ಜಿಗೆ ಒಂದು ಕೈ ಬೇಕಿತ್ತು. ದಾರದ ಉಂಡೆಗಳನ್ನು ಅಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡರು. ಕಡ್ಡಿಯೂ ಒಂದು ಉಂಡೆಯೂ ನನ್ನ ಟವೆಲಿನ ಮಡಿಕೆಯಲ್ಲಿ ಅದಾಗಲೇ ಹೊರಟಿದ್ದವು.

ಅಜ್ಜಿಯ ಮನೆಯಲ್ಲಿ ಇದ್ದವರು ಅಜ್ಜಿ, ಇನ್ನೂ ಮದುವೆಯಾಗದ ನನ್ನ ಸೋದರಮಾವ, ಹುಳು, ಮತ್ತು ಮರಿ. ಮಾವ ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದರು. ಮೊದಲೆಲ್ಲ ಸೊಪ್ಪು ಕೊಯ್ಯಲು ಬರುತ್ತಿದ್ದ ಹೆಂಗಸರು ಈಗ ಬೆಳಗಾದರೆ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಿದ್ದರು. ಹಾಗಾಗಿ ಮಾವನೇ ಶಿಫ್ಟ್ ಮುಗಿಸಿ ಬಂದು, ಕಂಪನಿಯ ಬೂದು ಅಂಗಿಯಲ್ಲೇ ತೋಟಕ್ಕೆ ಇಳಿದು ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊತ್ತು ತಂದು, ಹುಳುವಿನ ಮನೆಯ ಮಗ್ಗುಲಲ್ಲಿ ಒದ್ದೆ ಗೋಣಿಯ ಕೆಳಗೆ ಮುಚ್ಚಿಡುತ್ತಿದ್ದರು. ಆ ಗೋಣಿಯನ್ನು ಮೂತಿಯಿಂದ ಎತ್ತುವುದನ್ನು ಮರಿ ಕಲಿತಿತ್ತು.

ಹುಟ್ಟಿದ ವಾರಕ್ಕೇ ತಾಯಿಯನ್ನು ಕಳೆದುಕೊಂಡ ಹೋತಮರಿ. ಅಜ್ಜಿ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿಕೊಂಡಿದ್ದರು. ತನ್ನನ್ನು ಅದು ಮನೆಯ ಎರಡನೆಯ ಮಗ ಎಂದೇ ತಿಳಿದಿತ್ತು. ಮೊದಲನೆಯ ಮಗನಿಗೆ ಇದು ಒಪ್ಪಿಗೆಯಿರಲಿಲ್ಲ.

ನಾನು ಹೋದ ದಿನವೇ ಜಗಳ ಶುರುವಾಗಿತ್ತು.

"ನೋಡವ್ವ, ಮೈ ಮುರ್ಕಂಡು ಸೊಪ್ಪು ತರೋನು ನಾನು, ಕೂತ್ಕಂಡು ತಿನ್ನೋದು ಇದು. ಇನ್ನೊಂದು ಕಿತ ಸೊಪ್ಪು ಕಮ್ಮಿಯಾದ್ರೆ ಪಕ್ಕದ್ಮನೆ ಬೀಗರೂಟಕ್ಕೆ ಕೊಟ್ಬುಡ್ತೀನಿ. ಆ ಗೌಡ ಕೇಳ್ತಾನೇ ಅವ್ನೆ."

ಪಕ್ಕದ ಮನೆಯಲ್ಲಿ ಮದುವೆ ಮುಗಿದು ಬೀಗರೂಟಕ್ಕೆ ಮರಿಗಳನ್ನು ಹೊಂದಿಸುತ್ತಿದ್ದರು. ಆ ಮನೆಯ ಯಜಮಾನರು ದಿನಕ್ಕೊಮ್ಮೆ ನಮ್ಮ ಜಗಲಿಗೆ ಬಂದು, ಎಲೆ ಅಡಿಕೆ ಹಾಕಿಕೊಂಡು, ಮರಿಯ ಬೆನ್ನನ್ನು ಬೆರಳಿನಿಂದ ಒತ್ತಿ ನೋಡಿ ಹೋಗುತ್ತಿದ್ದರು.

"ಕೊಡ್ಲಾ, ಕೊಡು. ಆಮೇಲೆ ನಿನ್ನ ಹುಳಕ್ಕೆ ನೀನೇ ಸೊಪ್ಪು ಹಾಕ್ಕೋ," ಎಂದ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು.

ಅಜ್ಜಿ ಅಳುವವರಲ್ಲ. ನಾನು ಆಗ ಮೊದಲ ಸಲ ಮರಿಯ ಮೂತಿಯನ್ನು ಸರಿಯಾಗಿ ನೋಡಿದೆ. ಹೊದಿಕೆ ಇರಲಿಲ್ಲ.

ಒಕ್ಕಣೆಯಲ್ಲಿ ಎತ್ತಿನ ಬಾಯಿಗೆ ಕಟ್ಟುವ ಹಗ್ಗದ ಬಲೆಗೆ ಕುಕ್ಕೆ ಎನ್ನುತ್ತಾರೆ. ಅಟ್ಟದ ಮೇಲೊಂದು ಹಳೆಯದಿತ್ತು. ಅದರೊಳಗೆ ಈ ಮರಿಯ ಇಡೀ ತಲೆ ಹೋಗಿ ಇನ್ನೂ ಜಾಗ ಮಿಗುತ್ತಿತ್ತು. ಮರಿಯ ಅಳತೆಗೆ ನಾನೇ ಹೆಣೆದುಕೊಡುತ್ತೇನೆ, ಬಿಟ್ಟಾಗಲೆಲ್ಲ ಕಟ್ಟಿರೋಣ ಎಂದೆ. ಮಾವ ನಕ್ಕರು.

"ಎಂ.ಎಸ್ಸಿ. ಓದಿರೋಳು ಮ್ಯಾಕೆಗೆ ಮಾಸ್ಕ್ ಮಾಡ್ತೀಯಾ? ಮಾಡಮ್ಮಿ, ಮಾಡು. ಹುಳ ಹಣ್ಣಾಗೋ ಗಂಟ ಟೈಮು."

ಗಡುವು ಹಾಗೆ ಗೊತ್ತಾಯಿತು. ಹುಳು ಹಣ್ಣಾಗಿ, ಎಲೆ ಬಿಟ್ಟು, ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಏರುವವರೆಗೆ ಸೊಪ್ಪು ಉಳಿದರೆ ಮರಿ ಉಳಿಯುತ್ತದೆ.

ಮೊದಲನೆಯ ಕುಕ್ಕೆಯನ್ನು ಟವೆಲಿನಲ್ಲಿ ಬಂದ ಬಿಳಿ ಹತ್ತಿ ದಾರದಲ್ಲಿ ಹೆಣೆದೆ. ಅಂಚಿಗೆ ಅನಾನಸಿನ ನಮೂನೆ. ನಾನು ಮಾಡಿದ ಅತ್ಯುತ್ತಮ ಕೆಲಸಗಳಲ್ಲಿ ಅದೊಂದು. ಮರಿಗೆ ಕಟ್ಟಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಮರಿಯೂ ನನ್ನನ್ನು ನೋಡಿತು. ಆಮೇಲೆ ನಾಲಿಗೆ ಹೊರಚಾಚಿ, ಅಂಚನ್ನು ಒಳಗೆಳೆದುಕೊಂಡು, ಅನಾನಸಿನಿಂದಲೇ ತಿನ್ನಲು ಶುರುಮಾಡಿತು. ನಾನು ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಕಿವಿಯ ಹಿಂದಿನ ಗಂಟು ಮಾತ್ರ ಉಳಿದಿತ್ತು.

"ಬೋ ರುಚಿಯಾಗೈತಂತೆ," ಎಂದರು ಮಾವ. "ಇನ್ನೊಂದು ಪ್ಲೇಟ್ ಹಾಕು."

ಆದರೆ ಮರುದಿನ ಅವರೇ ಕಾರ್ಖಾನೆಯಿಂದ ನೀಲಿ ನೈಲಾನ್ ದಾರದ ತುಂಡುಗಳ ಒಂದು ಕಟ್ಟು ತಂದುಕೊಟ್ಟರು. ಡಬ್ಬಗಳಿಗೆ ಸುತ್ತಿ ಬಂದು ಕಸಕ್ಕೆ ಹೋಗುವ ದಾರ. ಕಡ್ಡಿಗೆ ಸುಲಭವಾಗಿ ಬಗ್ಗಲಿಲ್ಲ. ಬೆರಳಿನ ಸಂದಿಯಲ್ಲಿ ಗೀರು ಬಿತ್ತು. ಈ ಸಲ ಅಲಂಕಾರವಿಲ್ಲ, ಉಸಿರಾಡಲು ಅಗಲದ ಕಣ್ಣುಗಳು, ಅಷ್ಟೇ. ಅಂಚಿಗೆ ಸಣ್ಣ ಶಂಖದ ಸಾಲು ಒಂದನ್ನು ಮಾತ್ರ ಹಾಕಿದೆ. ಅದಿಲ್ಲದಿದ್ದರೆ ಕೆಲಸ ಮುಗಿದಂತೆ ಅನ್ನಿಸುವುದಿಲ್ಲ.

ಮರಿ ಅದನ್ನು ನೆಕ್ಕಿತು, ಕಂಬಕ್ಕೆ ಉಜ್ಜಿತು, ಗುಟುರು ಹಾಕಿತು. ಕುಕ್ಕೆ ಜಗ್ಗಲಿಲ್ಲ. ಸಂಜೆ ಕೆರೆ ಏರಿಯ ಮೇಲೆ ಮೇಯುವಾಗ ಮಾತ್ರ ಬಿಚ್ಚುವುದು ಎಂದು ಮಾವ ಕಾನೂನು ಮಾಡಿದರು. ಕಂಪನಿ ಬಸ್ಸಿನಲ್ಲಿ ಅವರ ಜೊತೆಯವರು, "ನಿಮ್ಮ ಹೋತ ಹೆಲ್ಮೆಟ್ ಹಾಕ್ಕಂಡೈತಂತಲ್ಲ" ಎಂದು ಕಾಡಿಸಿದರಂತೆ. ಮಾವ ಅದನ್ನು ನಮಗೆ ಬಂದು ಹೇಳಿದ ರೀತಿಯಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಿತ್ತು.

ಎಲ್ಲ ಸರಿಯಾಗಿತ್ತು. ಸೊಪ್ಪು ಮಾತ್ರ ಕಡಿಮೆಯಾಗುತ್ತಲೇ ಇತ್ತು.

ಮೊದಲು ಅದನ್ನು ಗಮನಿಸಿದವಳು ನಾನು. ಗೋಣಿಯ ಒಂದು ಮೂಲೆ ತಗ್ಗಾಗಿತ್ತು. ಮರಿಯ ಬಾಯಲ್ಲಿ ಕುಕ್ಕೆ ಇತ್ತು, ಅದರ ಒಂದು ಕಣ್ಣೂ ಹರಿದಿರಲಿಲ್ಲ. ಆದರೆ ಕಿವಿಯ ಹಿಂದೆ ನಾನು ಕಟ್ಟಿದ್ದು ಎರಡು ಕುಣಿಕೆಯ ಗಂಟು. ಈಗ ಅಲ್ಲಿದ್ದದ್ದು ಮೂಟೆಯ ಬಾಯಿಗೆ ಬಿಗಿಯುವಂಥ ಗಂಟು. ಆ ಮನೆಯಲ್ಲಿ ಹಾಗೆ ಗಂಟು ಹಾಕುವವರು ಒಬ್ಬರೇ.

ಮಾವ ಮಲಗಿದ್ದ ಮಧ್ಯಾಹ್ನ ನಾನು ಹುಲ್ಲಿನ ಮೆದೆಯ ಹಿಂದೆ ಹೋದೆ. ಅಜ್ಜಿ ಕಾಲು ನೀಡಿಕೊಂಡು ಕೂತಿದ್ದರು. ಕುಕ್ಕೆ ಅವರ ಮೊಣಕಾಲಿಗೆ ತೂಗುಬಿದ್ದಿತ್ತು. ಮಡಿಲ ತುಂಬ ಎಳೆ ಸೊಪ್ಪು; ಒಂದೊಂದೇ ಎಲೆಯನ್ನು, ಮಗುವಿಗೆ ತುತ್ತು ಕೊಡುವಂತೆ, ಮರಿಯ ಬಾಯಿಗಿಡುತ್ತಿದ್ದರು.

"ಅಜ್ಜೀ!"

"ಶ್! ಮೆಲ್ಗೆ. ಅವ್ನು ಎದ್ಬುಟ್ಟಾನು."

"ಇದನ್ನ ಉಳಿಸಬೇಕು ಅಂತ ಹೇಳಿದ್ದು ನೀವೇ ಅಲ್ವಾ?"

"ಊಂ ಕಣ್ ಮಗ."

"ಸೊಪ್ಪು ಕಮ್ಮಿಯಾದ್ರೆ ಕೊಟ್ಟುಬಿಡ್ತಾರೆ."

"ಗೊತ್ತು ಕಣ್ ಮಗ. ಆದ್ರೆ ಬಾಯಿ ಕಟ್ಕಂಡು ನನ್ನೇ ನೋಡ್ತದೆ. ನಿನ್ನ ಬಾಯಿ ಕಟ್ಟಿ ಯಾರಾದ್ರೂ ಎದುರ್ಗಡೆ ಒಬ್ಬಟ್ಟು ತಿಂದ್ರೆ ಎಂಗಿರ್ತದೆ? ಒಸಿ ತಿಂದ್ಕಳ್ಳಿ ಬುಡು."

ಅಜ್ಜಿಗೆ ಬುದ್ಧಿ ಹೇಳಿ ಗೆದ್ದವರನ್ನು ನಾನು ಕಂಡಿಲ್ಲ. ಆದರೆ ನನಗೆ ಬೇರೆಯದೊಂದು ಚಿಂತೆ ಹತ್ತಿತು. ಇವರು ಹೀಗೆ ಪ್ರತಿ ಸಲ ಗಂಟು ಬಿಚ್ಚಿ ಕಟ್ಟುತ್ತ ಕೂತರೆ ಎಂದಾದರೂ ಮಾವನ ಕೈಗೆ ಸಿಕ್ಕಿಬೀಳುವುದು ಖಂಡಿತ. ಗಂಟಿನ ವ್ಯವಹಾರವೇ ತಪ್ಪು.

ಆ ಮಧ್ಯಾಹ್ನವೇ ಕುಕ್ಕೆಯ ಬಲಗಡೆ ದವಡೆಯ ಬಳಿ ಆರು ಕಂಬಗಳಷ್ಟು ಅಗಲ ಬಿಚ್ಚಿ, ಅಲ್ಲಿ ಒಂದು ಪುಟ್ಟ ಬಾಗಿಲು ಹೆಣೆದೆ. ಅಜ್ಜಿಯ ರವಿಕೆಯ ಸಣ್ಣ ಗುಂಡಿಯೊಂದನ್ನು ಹಾಕಿ, ಶಂಖದ ಸಾಲಿನ ಕೆಳಗೆ ಮುಚ್ಚಿಹೋಗುವಂತೆ ಮಾಡಿದೆ. ಗುಂಡಿ ತೆಗೆದರೆ ಎಲೆ ಹೋಗುತ್ತದೆ. ಹಾಕಿದರೆ ಲೋಕಕ್ಕೆ ಅದು ಬಾಯಿ ಕಟ್ಟಿದ ಮೇಕೆ. ಹೇಳಬೇಕಾದ ಮಾತೆಂದರೆ, ಕ್ರೋಶಾ ಹಿಡಿದಂದಿನಿಂದ ನನಗೆ ಅಷ್ಟು ಸಂತೋಷ ಕೊಟ್ಟ ಕೆಲಸ ಇನ್ನೊಂದಿಲ್ಲ. ಟೀವಿಗೆ ಹೊದಿಸಿದ್ದು ಧೂಳಿಗಾಗಿ. ಇದರಲ್ಲಿ ಒಂದು ಗುಟ್ಟಿತ್ತು.

ಮುಂದಿನ ದಿನಗಳಲ್ಲಿ ಮಾವ ಸೊಪ್ಪಿನ ರಾಶಿಯನ್ನೂ ಮರಿಯನ್ನೂ ನೋಡಿ ನೋಡಿ ತಲೆ ಕೆರೆದುಕೊಂಡರು. ಇಲಿ ಇರಬಹುದು ಎಂದರು. ಈ ಸಲದ ಹುಳುವಿಗೆ ಹಸಿವು ಜಾಸ್ತಿ ಎಂದರು. ಅಜ್ಜಿ ಎಲ್ಲದಕ್ಕೂ "ಇದ್ರೂ ಇರಬೈದು" ಎನ್ನುತ್ತಿದ್ದರು. ನಾನು ಮಾತಾಡುವವಳಲ್ಲವೆಂದು ಎಲ್ಲರಿಗೂ ಗೊತ್ತಿದ್ದುದರಿಂದ ನನ್ನನ್ನು ಯಾರೂ ಕೇಳಲಿಲ್ಲ.

ಹುಳು ಹಣ್ಣಾದವು. ಮೈ ಬಂಗಾರದ ಬಣ್ಣಕ್ಕೆ ತಿರುಗಿ, ತಲೆ ಎತ್ತಿ ಆಡಿಸತೊಡಗಿದವು. ಮೂವರೂ ಸೇರಿ ಅವನ್ನು ಆರಿಸಿ ಚಂದ್ರಿಕೆಗೆ ಬಿಟ್ಟು ಜಗಲಿಗೆ ಬಂದು ಕೂತಾಗ ಅಜ್ಜಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಗೆದ್ದೆವು ಎಂದುಕೊಂಡೆ. ಆಗಲೇ ಪಕ್ಕದ ಮನೆಯ ಯಜಮಾನರು ಬಂದರು. ಬೀಗರೂಟಕ್ಕೆ ಇನ್ನೂ ಒಂದು ಮರಿ ಸಾಲದಾಗಿತ್ತು.

ಅವರು ಎಂದಿನಂತೆ ಬೆನ್ನು ಒತ್ತಿದರು. ಮತ್ತೆ ಒತ್ತಿದರು. ಪಕ್ಕೆ ಹಿಡಿದು ನೋಡಿದರು.

"ಏನ್ಲಾ ಇದು," ಎಂದು ಮಾವನ ಕಡೆ ತಿರುಗಿದರು. "ನಮ್ಮನೆ ಮರಿಗಳು ಒತ್ತಾರೆಯಿಂದ ಬೈಗಿನ ಗಂಟ ಬಾಯಿ ಬುಟ್ಕಂಡು ಮೇಯ್ತವೆ, ಮೂಳೆ ಕಾಣ್ತವೆ. ನಿಂದು ಹಗಲೆಲ್ಲ ಬಾಯಿ ಕಟ್ಕಂಡು ಇಂಗೆ ಕೊಬ್ಬೈತಲ್ಲ, ಎಂಗ್ಲಾ?"

ಮರಿ ತೇಗಿತು.

"ಗಾಳಿ," ಎಂದರು ಅಜ್ಜಿ. "ನಮ್ಮೂರ ಗಾಳಿ ಒಳ್ಳೇದು."

ಮಾವ ಅಜ್ಜಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ನನ್ನ ಕಾಲಿನ ಉಗುರುಗಳನ್ನು ನೋಡಿಕೊಂಡೆ. ಅವರು ಎದ್ದು ಹೋಗಿ ಮರಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕುಕ್ಕೆಯ ಸುತ್ತ ನಿಧಾನವಾಗಿ ಬೆರಳಾಡಿಸಿದರು. ಕಾರ್ಖಾನೆಯಲ್ಲಿ ದಿನವಿಡೀ ಬಿರುಕು ಹುಡುಕುವ ಕೈ. ಶಂಖದ ಸಾಲಿನ ಕೆಳಗೆ ಬೆರಳು ನಿಂತಿತು. ಗುಂಡಿ ಬಿಚ್ಚಿತು. ಬಾಗಿಲು ತೆರೆಯಿತು. ಮರಿ ನಾಲಿಗೆ ಹೊರಗೆ ಹಾಕಿ, ಅಲ್ಲಿ ಎಲೆಯ ಬದಲು ಸಿಕ್ಕ ಮಾವನ ಹೆಬ್ಬೆರಳನ್ನು ಚೀಪಿತು.

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ನಗು ತಡೆಯಲೋ ಅಳು ತಡೆಯಲೋ ನನಗೆ ತಿಳಿಯಲಿಲ್ಲ. ಯಜಮಾನರಿಗೆ ಕಾಣುತ್ತಿದ್ದದ್ದು ಮಾವನ ಬೆನ್ನು ಮಾತ್ರ.

"ಏನ್ಲಾ? ಕೊಡ್ತೀಯೋ ಇಲ್ವೋ?"

ಮಾವ ಹೆಬ್ಬೆರಳು ಬಿಡಿಸಿಕೊಂಡು, ಬಾಗಿಲು ಮುಚ್ಚಿ, ಗುಂಡಿ ಹಾಕಿ ಎದ್ದರು.

"ಇಲ್ಲ ಕಣ್ ಗೌಡ್ರೇ, ಇದು ಕೊಬ್ಬಲ್ಲ. ಊದ್ಕಂಡೈತೆ. ಹೊಟ್ಟೇಲಿ ದಾರ ಐತೆ. ನಮ್ಮ ಹುಡುಗಿ ಮಾಡಿದ್ದ ಮೊದಲ್ನೇ ಕುಕ್ಕೆ ಪೂರ್ತಿ ತಿಂದ್ಬುಟ್ಟೈತೆ, ಬೇಕಾದ್ರೆ ಕೇಳಿ. ಬೀಗರ ಎಲೆ ಮೇಲೆ ಕ್ರೋಶಾ ಬಂದ್ರೆ ನಿಮ್ಮ ಮಾನ ಹೋಯ್ತದೆ."

ಯಜಮಾನರು ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ತಿಂದದ್ದಂತೂ ನಿಜ. ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು, ಬೈರಾಪಟ್ಟಣದಲ್ಲಿ ಯಾರದೋ ಹತ್ತಿರ ಮರಿಗಳಿವೆಯಂತೆ ಎನ್ನುತ್ತ ಹೊರಟರು.

ಅವರು ಗೇಟು ದಾಟುವವರೆಗೂ ಮಾವ ಗಂಭೀರವಾಗಿ ನಿಂತಿದ್ದರು. ಆಮೇಲೆ ನನ್ನ ಹತ್ತಿರ ಬಂದು, ಅಜ್ಜಿಗೆ ಕೇಳದ ಹಾಗೆ ಹೇಳಿದರು: "ಗುಂಡಿ ಒಸಿ ದೊಡ್ಡದಾಕಮ್ಮಿ. ಅವ್ವನ ಕಣ್ಣಿಗೆ ಕಾಣಾಕಿಲ್ಲ, ತಡಕಾಡ್ತಾ ಕೂತಿರ್ತಾಳೆ."

"ನಿಮಗೆ ಮೊದಲೇ ಗೊತ್ತಿತ್ತಾ ಮಾವ?"

"ಬಾಗ್ಲು ಗೊತ್ತಿರ್ಲಿಲ್ಲ," ಎಂದರು ಮಾವ. "ಅವ್ವ ಗೊತ್ತಿತ್ತು."

ಮರುದಿನ ಬೆಳಿಗ್ಗೆ ಮಾವ ಕಂಪನಿ ಬಸ್ಸಿಗೆ ಹೋದ ಮೇಲೆ, ಗೂಟಕ್ಕೆ ತೂಗುಹಾಕಿದ್ದ ಅವರ ಇನ್ನೊಂದು ಬೂದು ಅಂಗಿಯನ್ನು ತೆಗೆದುಕೊಂಡೆ. ಒಳಗಿನ ಮಡಿಕೆಯಲ್ಲಿ ಹೆಚ್ಚುವರಿ ಎಂದು ಹೊಲಿದಿದ್ದ ದೊಡ್ಡ ಗುಂಡಿಯನ್ನು ಕತ್ತರಿಸಿ, ಕುಕ್ಕೆಯ ಬಾಗಿಲಿಗೆ ಹಾಕಿ, ಎರಡು ಸಲ ಎಳೆದು ನೋಡಿದೆ. ಅಜ್ಜಿ ಇನ್ನೂ ಸ್ನಾನದ ಮನೆಯಲ್ಲಿದ್ದರು. ಹುಳುವಿಗೆ ಇನ್ನು ಬೇಡವಾಗಿದ್ದ ಸೊಪ್ಪಿನ ರಾಶಿಯಿಂದ ಎಳೆಯದಾದ ಒಂದು ಕುಡಿಯನ್ನು ಆರಿಸಿ, ಆಚೀಚೆ ನೋಡಿ, ಗುಂಡಿ ತೆಗೆದೆ.