ಮಹಾನಂದಕ್ಕನ ನಾಗಕನ್ಯೆ

ಮಹಾನಂದಕ್ಕ ಟಿವಿಗೆ ಬೈಯುತ್ತಿದ್ದರು. ಅದೂ ಥಾಯ್ಲೆಂಡಿನ ಧಾರಾವಾಹಿಗಳಿಗೆ. ಮಗಳು ಸುಜಾತಾ ಫೋನಿನಿಂದ ಟಿವಿಗೆ ಹಾಕಿಕೊಟ್ಟು ನರ್ಸ್ ಕೆಲಸಕ್ಕೆ ಹೊರಟಳೆಂದರೆ, ಇವರು ಮೆಂತ್ಯಸೊಪ್ಪು ಸೋಸುತ್ತ ಬ್ಯಾಂಕಾಕಿನ ಅತ್ತೆಯರನ್ನು ಕಲಬುರಗಿಯ ಮಾತಿನಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ನಾನು ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿ ಹೇಳಬೇಕಿತ್ತು. ಎಷ್ಟೋ ಸಲ ಅವರಿಗೆ ಅದೂ ಬೇಕಾಗುತ್ತಿರಲಿಲ್ಲ.

“ಸುಮ್ಮಿರು ತಂಗಿ. ಆಕಿ ಮಾರಿ ನೋಡು, ಸುಳ್ಳು ಹೇಳಾಕತ್ತಾಳ.”

ಒಮ್ಮೆ ನಾಗಕನ್ಯೆಯ ಧಾರಾವಾಹಿ ಬಂತು. ಹೊಳೆಯೊಳಗೆ ಅರಮನೆ, ಕಿರೀಟದಲ್ಲಿ ಬಂಗಾರದ ಹೆಡೆ. ನಾಗಪ್ಪನನ್ನು ಅಣ್ಣನೆಂದು ಪಂಚಮಿಗೆ ಹಾಲೆರೆಯುವ ಮಹಾನಂದಕ್ಕನಿಗೆ ಅವಳು ತವರಿನವಳೇ ಆಗಿಬಿಟ್ಟಳು. ಇಂಥದೇ ಕಥೆ ಪಕ್ಕದ ಕಾಂಬೋಡಿಯಾದ ಖ್ಮೇರ್ ಜನರಲ್ಲಿದೆ ಎಂದು ನಾನು ಓದಿದ್ದನ್ನು ಹೇಳಿದೆ. ಭಾರತದ ಕಡೆಯಿಂದ ಸಮುದ್ರ ದಾಟಿ ಹೋದ ರಾಜಕುಮಾರ ನಾಗರಾಜನ ಮಗಳನ್ನು ಮದುವೆಯಾದ. ಮಾವ ನೀರನ್ನೆಲ್ಲ ಕುಡಿದು ಅಳಿಯನಿಗೆ ನೆಲ ಮಾಡಿಕೊಟ್ಟ. ಅದಕ್ಕೆ ಮೊದಲು ನೀರಿನೊಳಗಿದ್ದ ಮಾವನ ಊರಿಗೆ ಅವನು ಹೋಗಿದ್ದು ಹೆಂಡತಿಯ ಸೆರಗು ಹಿಡಿದು. ಖ್ಮೇರ್ ಮದುವೆಗಳಲ್ಲಿ ಇಂದಿಗೂ ವರ ಹಾಗೆ ವಧುವಿನ ಹಿಂದೆ ನಡೆಯುತ್ತಾನೆ.

“ಹಂಗಾರ ನಮ್ಮ ಕಡಿ ಹುಡುಗನೇ ಅಲ್ಲಿ ಮನಿ ಅಳ್ಯಾ ಆಗ್ಯಾನ!” ಎಂದರು.

ಕಥೆ ಯಾರದೆಂದು ಥಾಯ್ಲೆಂಡ್, ಕಾಂಬೋಡಿಯಾ ಎರಡೂ ದೇಶದವರು ಇಂಟರ್ನೆಟ್ಟಿನಲ್ಲಿ ಜಗಳವಾಡುತ್ತಾರೆ ಎಂದೆ.

“ತವರಮನಿ ಸೀರಿಗೆ ಅಕ್ಕ-ತಂಗಿ ಬಡದಾಡಿದಂಗ. ಇಬ್ಬರೂ ಉಡ್ಲಿ ಬಿಡು.”

ಅವರ ಸಂತೋಷಕ್ಕೆ ಕಾರಣವಿತ್ತು. ಗಂಡ ತೀರಿಹೋಗಿದ್ದರು, ಸುಜಾತಾ ಒಬ್ಬಳೇ ಮಗಳು. ಅಳಿಯ ತಮ್ಮ ಮನೆಯಲ್ಲೇ ಇರಬೇಕೆಂಬುದು ಅವರ ಶರತ್ತು. ಆ ಮಾತಿಗೇ ಬಂದ ಸಂಬಂಧಗಳು ಮುರಿಯುತ್ತಿದ್ದವು. ಈಗ ಸುಜಾತಾ ಒಪ್ಪಿದ್ದ ಕಮಲಾಪುರದ ರೇವಣಸಿದ್ಧನಿಗೆ ಅಡ್ಡಿಯಿರಲಿಲ್ಲ. ಅವನ ಹಿರಿಯರಿಗಿತ್ತು.

ಮಾತುಕತೆಗೆ ಕಮಲಾಪುರಕ್ಕೆ ಹೋಗುವಾಗ ನನ್ನನ್ನೂ ಕರೆದೊಯ್ದರು. ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ಇಟ್ಟಿದ್ದರು, ಯಾರೂ ಮುಟ್ಟಲಿಲ್ಲ. ಹುಡುಗನ ಕಾಕಾ ನೇರವಾಗಿ ಕೇಳಿದರು: “ನಮ್ಮ ಹುಡುಗ ಹೆಂಡ್ತಿ ಸೆರಗ ಹಿಡ್ಕೊಂಡು ಅತ್ತಿ ಮನಿಗಿ ಹೋಗ್ಬೇಕೇನ್ರೀ?”

“ಹೌದ್ರೀ, ಹಿಡ್ಕೊಂಡೇ ಬರ್ಲಿ,” ಎಂದರು ಮಹಾನಂದಕ್ಕ. “ಆ ದೇಶದಾಗ ರಾಜನ ಮಗನೇ ಹಿಡ್ದಾನ. ಇಲ್ಲಂದ್ರ ನೀರಾಗ ದಾರಿ ತಪ್ಪತದ. ಈ ಹುಡುಗಿ ಓದ್ಯಾಳ, ಕೇಳ್ರಿ.”

ಎಲ್ಲರೂ ನನ್ನತ್ತ ತಿರುಗಿದರು. ಹಾಗೊಂದು ಕಥೆ ಇದೆ, ಬೇರೆ ರೀತಿಯಲ್ಲೂ ಹೇಳುತ್ತಾರೆ ಎಂದೆ. ಮಹಾನಂದಕ್ಕ ನನ್ನನ್ನು ಬ್ಯಾಂಕಾಕಿನ ಅತ್ತೆಯನ್ನು ನೋಡುವಂತೆ ನೋಡಿದರು.

ರೇವಣಸಿದ್ಧನಿಗೆ ನಗು ತಡೆಯಲಿಲ್ಲ. “ರಾಜನ ಮಗನೇ ಹಿಡ್ದಾನಂದ್ರ ನನಗೇನು ಧಾಡಿ, ಕಾಕಾ? ಹಿಡೀತೀನಿ.”

ಅವನ ತಾಯಿ ಒಂದು ಬಾಳೆಹಣ್ಣು ಸುಲಿದು ಮಹಾನಂದಕ್ಕನ ಕೈಗಿಟ್ಟರು.

ಮದುವೆ ಮುಗಿಸಿ ಕಲಬುರಗಿಯ ಮನೆಯ ಹೊಸ್ತಿಲು ದಾಟುವಾಗ ಅವನು ನಿಜಕ್ಕೂ ಸುಜಾತಾಳ ಸೆರಗಿನ ತುದಿ ಹಿಡಿದ. ಕಾಕಾ ಗೋಡೆಯ ಕಡೆ ಮುಖ ಮಾಡಿದರು. ಫೋಟೋದವನು, “ಅಣ್ಣಾ, ಕಣ್ಣು ಮುಚ್ಚಿಬಿಟ್ರಿ, ಇನ್ನೊಮ್ಮೆ ಸೆರಗ ಹಿಡೀರಿ,” ಎಂದಾಗ ಕಾಕಾನಿಗೂ ನಗು ಬಂತು.

ಮುಂದಿನ ವರ್ಷ ಮಹಾನಂದಕ್ಕನಿಗೆ ಹೃದಯದ ಕಾಯಿಲೆ ಬಂತು. ನಾನು ಆಸ್ಪತ್ರೆಗೆ ಹೋದಾಗ ರೇವಣಸಿದ್ಧ ಅವರನ್ನು ದಿಂಬಿಗೆ ಒರಗಿಸಿ ಗಂಜಿ ಕುಡಿಸುತ್ತಿದ್ದ. ಪಕ್ಕದ ಮಂಚದ ಮುದುಕಿ, “ಮಗಾ ಚಲೋ ನೋಡ್ಕೋತಾನ ನಿನ್ನ,” ಎಂದಳು. ಮಾತಾಡಬಾರದೆಂದು ಡಾಕ್ಟರು ಹೇಳಿದ್ದರು. ಮಹಾನಂದಕ್ಕ ಚಮಚ ಸರಿಸಿ, ಉಸಿರು ಕೂಡಿಸಿಕೊಂಡು, ವಾರ್ಡಿಗೆಲ್ಲ ಕೇಳುವಂತೆ ಹೇಳಿದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

“ಮಗಾ ಅಲ್ಲ ಯವ್ವಾ. ಮನಿ ಅಳ್ಯಾ.”