ಐದು ವರ್ಷದ ಬೀಗ

ಫಲೇಷ್ಟಿ ಊರಿನ ಔಷಧಿ ಅಂಗಡಿಯ ಮಹಡಿಯ ಮೇಲೆ ಎರಡೇ ಕೋಣೆಗಳ ಒಂದು ಖಾಸಗಿ ಚಿಕಿತ್ಸಾಲಯವಿತ್ತು. ಅಲ್ಲಿ ರೋಗಿಗಳಿಗೆ ಹಾಸಿಗೆ ಇರಲಿಲ್ಲ. ಕುಡಿತ ಬಿಡಬೇಕೆಂದವರು ಬೆಳಿಗ್ಗೆ ಬಂದು ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದರು. ನಡುವೆ ಆಗುವುದಕ್ಕೆ ಅಲ್ಲಿಯವರು ಕೋಡ್ ಹಾಕಿಸಿಕೊಳ್ಳುವುದು ಎನ್ನುತ್ತಾರೆ. ಬೀಗ ಎನ್ನುವುದು ನಮ್ಮ ನಾಲಿಗೆಗೆ ಸಲೀಸು. ಒಂದು ವರ್ಷದ ಬೀಗಕ್ಕೆ ಅಲ್ಲಿನ ದುಡ್ಡಿನಲ್ಲಿ ಸಾವಿರದ ಎಂಟುನೂರು ಲೇಯಿ, ಮೂರು ವರ್ಷಕ್ಕೆ ಮೂರು ಸಾವಿರ, ಐದು ವರ್ಷಕ್ಕೆ ನಾಲ್ಕೂವರೆ ಸಾವಿರ. ಅವಧಿಗೆ ಮುಂಚೆ ತೆಗೆಸಿಕೊಳ್ಳುವವರಿಗೂ ಬೇರೆ ದರವಿತ್ತು. ಮದುವೆ, ನಾಮಕರಣ, ಹೊಸ ವೈನ್‌ನ ಪೀಪಾಯಿ ತೆರೆಯುವ ದಿನಗಳು ಬಂದರೆ ತೆಗೆಸುವವರ ಸಾಲೇ ಉದ್ದ.

ಡೊಮ್ನಿಕಾ ಅಲ್ಲಿ ಹದಿನಾರು ವರ್ಷದಿಂದ ನರ್ಸ್. ಡಾಕ್ಟರ್ ಸಾವಾ ಕಿಟಕಿಗೆ ಪರದೆ ಎಳೆದು, ರೋಗಿಯ ಹಣೆಗೆ ಹೆಬ್ಬೆರಳು ಒತ್ತಿ, "ಕುಡಿದರೆ ಸಾಯ್ತೀಯಾ" ಎಂದು ಮೂರು ಸಲ ಗುಡುಗುವಾಗ ಸೂಜಿ ಚುಚ್ಚುವುದು ಅವಳ ಕೆಲಸ. ಸೂಜಿಯಲ್ಲಿ ಇರುತ್ತಿದ್ದದ್ದು ನಿಕೋಟಿನಿಕ್ ಆಮ್ಲ, ಒಂದು ಬಗೆಯ ವಿಟಮಿನ್. ಅದು ಒಳಗೆ ಹೋದ ಕೆಲವೇ ನಿಮಿಷಕ್ಕೆ ಮುಖ, ಕಿವಿ, ಕುತ್ತಿಗೆ ಕೆಂಪಾಗಿ ಉರಿಯುತ್ತವೆ. ಬೀಗ ಬಿದ್ದಿತು ಎಂಬುದಕ್ಕೆ ಜನಕ್ಕೆ ಅದೇ ಸಾಕ್ಷಿ. ತೆಗೆಯುವಾಗ ಬರೀ ಉಪ್ಪುನೀರು, ಉರಿಯುವುದಿಲ್ಲ. ಉಳಿದ ಕೆಲಸವನ್ನೆಲ್ಲ ಭಯ ಮಾಡುತ್ತದೆ ಎಂಬುದು ಆ ಊರಿನಲ್ಲಿ ಡಾಕ್ಟರಿಗೂ ಡೊಮ್ನಿಕಾಗೂ ಮಾತ್ರ ಗೊತ್ತಿತ್ತು.

ಅವಳ ಅಕ್ಕ ಜಿನಾಳ ಎಡ ಮಣಿಕಟ್ಟು ಒಂಬತ್ತು ವರ್ಷದಿಂದ ಸರಿಯಾಗಿ ತಿರುಗುತ್ತಿರಲಿಲ್ಲ. ಡೊಮ್ನಿಕಾ ಒಮ್ಮೆ ಅಳೆದಿದ್ದಳು: ಮೂವತ್ತು ಡಿಗ್ರಿ, ಅದಕ್ಕಿಂತ ಕೂದಲಷ್ಟೂ ಹೆಚ್ಚಿಲ್ಲ. ಜಿನಾಳ ಗಂಡ ಅನಾತೊಲ್ ಮಿನಿ ಬಸ್ಸಿನ ಚಾಲಕ. ಕುಡಿದ ಒಂದು ಸಂಜೆ ಬಸ್ಸಿನ ಜಾರುವ ಬಾಗಿಲನ್ನು ಅವಳ ಕೈಯ ಮೇಲೆ ಎಳೆದಿದ್ದ. ತಂಗಿಯೊಬ್ಬಳನ್ನು ಬಿಟ್ಟು ಜಿನಾ ಊರಿಗೆಲ್ಲ ಹೇಳಿದ್ದು ಅಕ್ರೋಟು ಮರದಿಂದ ಬಿದ್ದೆನೆಂದು. ನಲವತ್ತು ದಾಟಿದ ಹೆಂಗಸು ಮರ ಹತ್ತಿದಳೆಂದು ಊರು ನಕ್ಕಿತು; ಅಕ್ರೋಟು ಜಿನಾ ಎಂಬ ಹೆಸರು ಅಂಟಿಕೊಂಡಿತು. ಆ ಹೆಸರಿನ ಕಾಟಕ್ಕೇ ಅವಳು ಇಟಲಿಗೆ ಹೋಗಿ, ಪಾದೊವಾದಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ಒಂದೇ ಕೈಯಲ್ಲಿ ಎತ್ತಿ ಕೂರಿಸುವ ಕೆಲಸಕ್ಕೆ ಸೇರಿದಳು.

ಡೊಮ್ನಿಕಾ ಆಗ ನೇರವಾಗಿ ಅನಾತೊಲ್‌ನನ್ನೇ ಕೇಳಿದ್ದಳು. ಅವನು ಭುಜ ಕುಣಿಸಿ, "ನನಗೆ ನೆನಪಿಲ್ಲ. ಕುಡಿದಿದ್ದೆ" ಎಂದಿದ್ದ. ಅಂದಿನಿಂದ ಅವಳು ಅವನನ್ನು ನೀವು ಎನ್ನುವುದನ್ನು ಬಿಟ್ಟಳು. ಭಾವ ಎನ್ನುವುದನ್ನು ಬಿಡಲಿಲ್ಲ. ಆ ಪದವನ್ನು ಚುಚ್ಚಲೆಂದೇ ಇಟ್ಟುಕೊಂಡಿದ್ದಳು.

ಹೋದ ವರ್ಷ ನವೆಂಬರಿನಲ್ಲಿ ಅವನೇ ಮೆಟ್ಟಿಲು ಹತ್ತಿ ಬಂದ. ಬಸ್ಸಿನ ಮಾಲೀಕ ಒಂದು ವಾರದ ಗಡುವು ಕೊಟ್ಟಿದ್ದ: ಬೀಗ ಹಾಕಿಸಿಕೊಂಡ ಚೀಟಿ ತಾ, ಇಲ್ಲವೇ ಬಸ್ಸಿನ ಕೀಲಿಕೈ ಇಡು.

"ಸರ್ಕಾರಿ ಆಸ್ಪತ್ರೆಗೆ ಹೋಗು ಭಾವ. ವಿಮೆ ಇದೆಯಲ್ಲ, ಪುಕ್ಕಟೆ ನೋಡ್ತಾರೆ."

"ಪುಕ್ಕಟೆ ನೋಡ್ತಾರೆ, ಕುಡುಕರ ಪಟ್ಟಿಗೂ ಹೆಸರು ಹಾಕ್ತಾರೆ. ಆ ಪಟ್ಟಿಗೆ ಬಿದ್ರೆ ನನ್ನ ಲೈಸೆನ್ಸ್ ಹೋಯ್ತು. ಆಮೇಲೆ ಕತ್ತೆ ಗಾಡಿ ಓಡಿಸ್ಲಾ?"

"ಕತ್ತೆಗೆ ಪಾಪ ಯಾಕ್ ಕಷ್ಟ. ಇಲ್ಲಿ ಕಟ್ಟೋಕೆ ದುಡ್ಡಿದ್ಯಾ?"

ಅವನು ನೆಲ ನೋಡಿದ. ಸಾವಿರದ ಎಂಟುನೂರು ಲೇಯಿಯನ್ನು ಡೊಮ್ನಿಕಾ ತನ್ನ ಚೀಲದಿಂದಲೇ ತೆಗೆದು ಡಬ್ಬಿಗೆ ಹಾಕಿದಳು. ಡಾಕ್ಟರ್ ಸಾವಾ ಹುಬ್ಬೇರಿಸಿದರು.

"ಭಾವನ ಮೇಲೆ ಅಷ್ಟೊಂದು ಪ್ರೀತಿನಾ?"

"ಪ್ರೀತಿ ಅಲ್ಲ ಡಾಕ್ಟ್ರೇ. ಕುಡಿದ್ರೆ ಮರೀತಾನೆ. ಇವ್ನಿಗೆ ಎಲ್ಲಾ ನೆನಪಿರ್ಬೇಕು. ಬೆಳಿಗ್ಗೆ ಎದ್ದಾಗಿಂದ ಮಲಗೋ ತನಕ."

ಸೂಜಿಯನ್ನು ಬೇಕೆಂದೇ ನಿಧಾನವಾಗಿ ಚುಚ್ಚಿದಳು.

ಬೀಗ ಹಿಡಿಯಿತು. ಅನಾತೊಲ್ ಕುಡಿಯಲಿಲ್ಲ. ಸಂಜೆ ಬಸ್ಸು ನಿಲ್ಲಿಸಿ, ಆ ಜಾರುವ ಬಾಗಿಲನ್ನು ಎರಡೂ ಕೈಯಲ್ಲಿ ಸದ್ದಾಗದಂತೆ ಮುಚ್ಚುತ್ತಿದ್ದನಂತೆ. ಪ್ರಯಾಣಿಕರು ಹೇಳಿದ ಈ ಮಾತನ್ನು ಕೇಳಿದ ದಿನ ಡೊಮ್ನಿಕಾ ಎರಡು ತಟ್ಟೆ ಊಟ ಮಾಡಿದಳು. ಅವನು ಸೊರಗಿದ, ಮಾತು ಕಡಿಮೆ ಮಾಡಿದ. ಅದೆಲ್ಲ ಅವಳಿಗೆ ಹಿತವಾಗಿತ್ತು, ಆದರೆ ಸಾಲದು. ಊರಿನವರ ಬಾಯಲ್ಲಿ ಅಕ್ಕ ಇನ್ನೂ ಮರದಿಂದಲೇ ಬೀಳುತ್ತಿದ್ದಳು.

ಅಕ್ಟೋಬರಿನಲ್ಲಿ ಅವನು ಮತ್ತೆ ಬಂದ. ಡಾಕ್ಟರು ಕಣ್ಣಿನ ಪೊರೆ ತೆಗೆಸಲು ರಾಜಧಾನಿ ಕಿಷಿನೌಗೆ ಹೋಗಿದ್ದರು.

"ಭಾನುವಾರ ಮಗಳ ಮದುವೆ. ಬೀಗರು ಹೆಣ್ಣು ಕರ್ಕೊಂಡು ಹೋಗೋಕೆ ಬರ್ತಾರೆ. ನನ್ನ ಕೈಯಾರೆ ಮಾಡಿದ ವೈನ್ ನಾನೇ ಕುಡೀದಿದ್ರೆ ಅವಮಾನ ಅಂತಾರೆ. ಬೀಗ ತೆಗಿ ಡೊಮ್ನಿಕಾ. ಇನ್ನು ಇಪ್ಪತ್ತಾರು ದಿನ ಬಾಕಿ ಅಷ್ಟೇ. ದುಡ್ಡು ತಂದಿದ್ದೀನಿ."

"ದುಡ್ಡು ಜೇಬಲ್ಲೇ ಇಟ್ಕೋ. ನನ್ನ ದರ ಬೇರೆ."

"ಏನು?"

"ಬೀಗರು ಕೂತಿರ್ತಾರೆ, ಊರು ಕೂತಿರುತ್ತೆ, ಅಕ್ಕನೂ ಇಟಲಿಯಿಂದ ಬಂದಿರ್ತಾಳೆ. ಎದ್ದು ನಿಂತು ಅಕ್ಕನ ಕೈ ಹೇಗೆ ಮುರೀತು ಅಂತ ಹೇಳು. ಸೂಜಿ ನನ್ನ ಚೀಲದಲ್ಲಿರುತ್ತೆ. ನೀನು ಹೇಳಿದ್ಮೇಲೆ ಅಡುಗೆಮನೇಲಿ ಚುಚ್ತೀನಿ. ಆಮೇಲೆ ಪೀಪಾಯಿಗೇ ಬಾಯಿ ಇಟ್ಕೋ."

"ಮಗಳ ಮದುವೇಲಿ?"

"ಇಷ್ಟು ಜನ ಇನ್ನೆಲ್ಲಿ ಸಿಕ್ತಾರೆ ಭಾವ?"

"ನನಗೆ ನೆನಪಿ—" ಎಂದು ಶುರು ಮಾಡಿದವನು, ಹನ್ನೊಂದು ತಿಂಗಳಿಂದ ತಾನು ಒಂದು ತೊಟ್ಟೂ ಕುಡಿದಿಲ್ಲ, ಆ ನೆಪ ಇನ್ನು ನಡೆಯದು ಎಂಬುದು ಹೊಳೆದು ಬಾಯಿ ಮುಚ್ಚಿದ. ಮಾತು ಕೊಡಲಿಲ್ಲ, ಇಲ್ಲವೆನ್ನಲೂ ಇಲ್ಲ. ಮೆಟ್ಟಿಲಿಳಿದು ಹೋದ.

ಶನಿವಾರ ಡೊಮ್ನಿಕಾ ಚೀಲಕ್ಕೆ ಉಪ್ಪುನೀರಿನ ಗಾಜಿನ ಕೊಳವೆ ಹಾಕಿಕೊಂಡಳು. ಅದರ ಪಕ್ಕಕ್ಕೆ ನಿಕೋಟಿನಿಕ್ ಆಮ್ಲದ್ದನ್ನೂ ಕರವಸ್ತ್ರದಲ್ಲಿ ಸುತ್ತಿ ಇಟ್ಟಳು. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಭಾನುವಾರ ನಡುಹಗಲಿಗೆ ಬೀಗರು ಬಂದರು. ಅಂಗಳದಲ್ಲಿ ಮೇಜು, ಎಲೆಕೋಸಿನ ಸುರುಳಿ, ಹುರಿದ ಕೋಳಿ, ಹೂಜಿಗಟ್ಟಲೆ ಕೆಂಪು ವೈನ್. ಜಿನಾ ತುದಿಯಲ್ಲಿ ಕೂತಿದ್ದಳು, ಎಡಗೈ ಮೇಜಿನ ಕೆಳಗೆ ಮಡಿಲಲ್ಲಿ. ವರನ ಅಪ್ಪ ಇಲಾರಿಯೊನ್, ಎತ್ತಿನಂತಹ ಆಳು, ಅನಾತೊಲ್‌ನ ತುಂಬಿದ ಲೋಟವನ್ನೇ ನೋಡುತ್ತಿದ್ದ.

"ಏನ್ ಬೀಗರೇ, ನಿಮ್ಮ ವೈನ್ ನೀವೇ ಮುಟ್ತಿಲ್ಲ? ನಮಗೇನಾದ್ರೂ ವಿಷ ಇಕ್ಕಿದ್ದೀರಾ?"

ಎಲ್ಲರೂ ನಕ್ಕರು. ಆ ನಗುವಿನ ಬಿಸಿಯಲ್ಲೇ ಪಕ್ಕದ ಮನೆಯ ಮುದುಕ ಕೂಗಿದ: "ಜಿನಾ, ಅಕ್ರೋಟು ಉದುರೋ ಕಾಲ ಕಣಮ್ಮ! ಮರ ಗಿರ ಹತ್ಬೇಡ, ಇಟಲಿಯವ್ರು ದಾರಿ ಕಾಯ್ತಿರ್ತಾರೆ!"

ನಗು ಇಮ್ಮಡಿಯಾಯಿತು. ಜಿನಾ ಕೂಡ ರೂಢಿಯಂತೆ ನಕ್ಕಳು. ಡೊಮ್ನಿಕಾ ಅನಾತೊಲ್‌ನ ಮುಖದ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವನು ಎದ್ದು ನಿಂತ. ಲೋಟ ಮೇಜಿನ ಮೇಲೇ ಇತ್ತು.

"ಅವಳು ಮರದಿಂದ ಬೀಳ್ಲಿಲ್ಲ" ಎಂದ.

ಯಾರೋ ಇನ್ನೂ ನಗುತ್ತಿದ್ದರು.

"ಬಸ್ಸಿನ ಬಾಗ್ಲು. ನಾನು ಎಳ್ದೆ. ಕೈ ಸಿಕ್ಕಿಕೊಂಡಿದೆ ಅಂತ ಕಿರುಚಿದ್ಲು. ಮತ್ತೆ ತೆಗ್ದು, ಇನ್ನೊಂದ್ ಸಲ ಎಳ್ದೆ. ನೆನಪಿಲ್ಲ ಅಂತಿದ್ದೆ ಇಷ್ಟು ದಿನ. ನೆನಪಿದೆ. ಅವತ್ತೂ ಇತ್ತು."

ಮದುಮಗಳು ಅಮ್ಮನ ಹತ್ತಿರ ಬಂದು ನಿಂತಳು. ಮುದುಕ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

ಡೊಮ್ನಿಕಾ ಬಯಸಿದ್ದೆಲ್ಲ ಆಗಿತ್ತು. ಆದರೆ "ಇನ್ನೊಂದ್ ಸಲ" ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅಕ್ಕ ಅದನ್ನು ಅವಳಿಗೂ ಹೇಳಿರಲಿಲ್ಲ.

ಅಡುಗೆಮನೆಯಲ್ಲಿ ಅನಾತೊಲ್ ಅಂಗಿಯ ತೋಳು ಮಡಿಸಿಕೊಂಡು, ಇನ್ನೊಂದು ಕೈಯಲ್ಲಿ ಲೋಟ ಹಿಡಿದು ನಿಂತಿದ್ದ. ಅವಳು ಕೈ ತೊಳೆದಳು, ಒರೆಸಿಕೊಂಡಳು, ಕರವಸ್ತ್ರ ಬಿಚ್ಚಿದಳು.

"ಲೋಟ ಕೆಳಗಿಡು. ಐದು ನಿಮಿಷ ತಡಿ."

ಚುಚ್ಚಿದಳು. ಗೋಡೆ ಗಡಿಯಾರ ನೋಡುತ್ತ ನಿಂತಳು. ಮೂರನೆಯ ನಿಮಿಷಕ್ಕೆ ಅವನು ಕಿವಿ ಮುಟ್ಟಿಕೊಂಡ. ನಾಲ್ಕನೆಯದಕ್ಕೆ ಕುತ್ತಿಗೆ.

"ಡೊಮ್ನಿಕಾ... ಉರೀತಿದೆ. ತೆಗೆಯೋವಾಗ ಉರಿಯಲ್ಲ ಅಂತಾರಲ್ಲ?"

"ಉರಿಯಲ್ಲ."

"ಮತ್ತೆ ಇದು?"

"ಹೊಸ ಬೀಗ. ಐದು ವರ್ಷದ್ದು. ದುಡ್ಡು ನಾನೇ ಕಟ್ತೀನಿ."

ಅವನ ಮುಖ ಬೀಟ್ರೂಟಿನಂತಾಗಿತ್ತು. "ತೆಗೀತೀನಿ ಅಂತ ನೀನು ಮಾತು ಕೊಟ್ಟಿದ್ದೆ!"

ಡೊಮ್ನಿಕಾ ಸೂಜಿಯ ಮುಚ್ಚಳ ಹಾಕಿ ಚೀಲಕ್ಕಿಟ್ಟಳು. ಭುಜ ಕುಣಿಸಿದಳು, ಒಂಬತ್ತು ವರ್ಷದ ಹಿಂದೆ ಅವನು ಕುಣಿಸಿದ್ದ ಹಾಗೆಯೇ.

"ನನಗೆ ನೆನಪಿಲ್ಲ ಭಾವ."

ಲೋಟದಲ್ಲಿದ್ದದ್ದನ್ನು ಬಚ್ಚಲಿಗೆ ಸುರಿದಳು. ಅನಾತೊಲ್ ಅಂಗಳಕ್ಕೆ ಬಂದಾಗ ಇಲಾರಿಯೊನ್ ಅವನ ಕೆಂಪು ಮುಖ ನೋಡಿ, ಸಭೆಯನ್ನು ಮತ್ತೆ ಹೇಗಾದರೂ ಎಬ್ಬಿಸಬೇಕೆಂದು, "ಬೀಗರು ಒಳಗೇ ಕುಡ್ದು ಮುಗಿಸ್ಕೊಂಡು ಬಂದ್ರು!" ಎಂದ. ಯಾರೂ ನಗಲಿಲ್ಲ. ಜಿನಾ ರೊಟ್ಟಿಯ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದಳು. ತಿರುಗದ ಎಡಗೈಯಲ್ಲೇ, ಎಲ್ಲರೂ ನೋಡುವಂತೆ.

ಆ ವಾರದ ಕೊನೆಗೆ ಡಾಕ್ಟರ್ ಸಾವಾ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದರು. ಡಬ್ಬಿಯಲ್ಲಿ ನಾಲ್ಕೂವರೆ ಸಾವಿರ ಲೇಯಿ, ಚೀಟಿಯಲ್ಲಿ ಅನಾತೊಲ್‌ನ ಹೆಸರು. ಅದು ಡೊಮ್ನಿಕಾಳ ಚಳಿಗಾಲದ ಸೌದೆಯ ದುಡ್ಡು ಎಂದು ಅವರಿಗೆ ಗೊತ್ತಿತ್ತು.

"ಈ ಸಲ ಐದು ವರ್ಷ? ಇನ್ನೊಂದು ವರ್ಷ ಹಾಕಿದ್ರೆ ಸಾಕಾಗ್ತಿರ್ಲಿಲ್ವಾ?"

"ಬಾಗ್ಲು ಒಂದೇ ಸಲ ಎಳ್ದಿದ್ದ ಅಂದ್ಕೊಂಡಿದ್ದೆ ಡಾಕ್ಟ್ರೇ" ಎಂದಳು ಡೊಮ್ನಿಕಾ, ಮುಂದಿನ ರೋಗಿಗೆ ಹತ್ತಿ ನೆನೆಸುತ್ತ. "ಎರಡು ಸಲವಂತೆ."