ನಾಗರತ್ನಾ ಬರೆದ ಕೈಪಿಡಿ

ನಾಗರತ್ನಾಳ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಸಿಟ್ಟೇ ಬರುತ್ತದೆ. ಬರಲಿ. ಜೇವರ್ಗಿ ಬಸ್ ಸ್ಟ್ಯಾಂಡಿನ ಹಿಂದೆ ಅವಳ ಗಂಡ ಸಿದ್ದರಾಮೇಶನ ಕಂಪ್ಯೂಟರ್ ತರಬೇತಿ ಕೇಂದ್ರವಿದೆ. ಬೋರ್ಡಿನ ಮೇಲೆ ಅವನ ಫೋಟೊ, ಒಳಗೆ ಪಾಠ ಮಾಡುವವಳು ಇವಳು. ಪಕ್ಕದ ಕೋಣೆಯಲ್ಲಿ ನಾನು ಟೈಪಿಂಗ್ ಕಲಿಸುತ್ತೇನೆ, ಮನೆಯೂ ಅವರ ಓಣಿಯಲ್ಲೇ. ಕಂಡದ್ದನ್ನೇ ಹೇಳುತ್ತಿದ್ದೇನೆ.

ಅವಳು ಕಲಿಸುವುದು ಯುನಿಕ್ಸ್ ಶೆಲ್. ಮೌಸ್ ಮುಟ್ಟದೆ, ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವ ವಿದ್ಯೆ. ಉದ್ದನೆಯ ಆಜ್ಞೆಗೆ ನಾವೇ ಒಂದು ಗಿಡ್ಡ ಹೆಸರು ಇಟ್ಟುಕೊಳ್ಳಬಹುದು, ಅದಕ್ಕೆ ಅಲಿಯಾಸ್ ಎನ್ನುತ್ತಾರೆ. ವಿದ್ಯಾರ್ಥಿಗಳಿಗೆ ಕೊಡುತ್ತಿದ್ದದ್ದು ಯಾವುದೋ ಕಾಲದ ಇಂಗ್ಲಿಷ್ ಝೆರಾಕ್ಸ್. ಕೋಟ್, ಅಂದರೆ ಉದ್ಧರಣ ಚಿಹ್ನೆಯ ಬಗ್ಗೆ ಅದರಲ್ಲಿ ಇದ್ದದ್ದು, ಬೇಕಾದಲ್ಲಿ ಬಳಸಿ ಎಂಬ ಒಂದು ಸಾಲು. ಎಲ್ಲಿ ಬೇಕು, ಯಾಕೆ ಬೇಕು ಎಂದು ಬರೆಯಲು ಆ ಪುಣ್ಯಾತ್ಮನಿಗೆ ಪುರುಸೊತ್ತಿರಲಿಲ್ಲ.

ನಮ್ಮ ಕಡೆ ಒಂದೇ ಹೆಸರಿನವರು ಬಹಳ, ಹಾಗಾಗಿ ಹೆಸರಿನ ಮುಂದೆ ಊರು ಹಚ್ಚುವುದು ರೂಢಿ. ಹೋದ ವರ್ಷದ ಬ್ಯಾಚಿನಲ್ಲಿ ಇಬ್ಬರು ಚಂದ್ರಾಮರು, ಒಬ್ಬ ಅಂದೋಲಾದವನು, ಒಬ್ಬ ಇಜೇರಿಯವನು. ಇಜೇರಿಯವನು ಕೋರ್ಸ್ ಬಿಟ್ಟ. ಅವನ ಫೋಲ್ಡರ್ ತೆಗೆಯಲು ಮಹಾನಂದಾ ಎಂಬ ವಿದ್ಯಾರ್ಥಿನಿ, ಏನನ್ನೂ ಕೇಳದೆ ಅಳಿಸಿಹಾಕುವ ಆಜ್ಞೆಗೆ ಕೇಂದ್ರದವರು ಇಟ್ಟುಕೊಂಡಿದ್ದ ‘ಕಸ’ ಎಂಬ ಅಲಿಯಾಸ್ ಟೈಪ್ ಮಾಡಿ, ಮುಂದೆ ಚಂದ್ರಾಮ ಇಜೇರಿ ಎಂದು ಬರೆದಳು. ಕೋಟ್ ಹಾಕಲಿಲ್ಲ. ಕೋಟ್ ಇಲ್ಲದೆ ನಡುವೆ ಜಾಗ ಬಿಟ್ಟರೆ ಶೆಲ್ ಪಾಲಿಗೆ ಅವು ಎರಡು ಬೇರೆ ಹೆಸರು. ಇಜೇರಿ ಎಂದಷ್ಟೇ ಹೆಸರಿದ್ದ ಇನ್ನೊಂದು ಫೋಲ್ಡರ್ ಇತ್ತು, ಆ ಊರಿನವರೆಲ್ಲರ ಇಡೀ ವರ್ಷದ ಕೆಲಸ ಅದರಲ್ಲಿತ್ತು. ಅದು ಹೋಯಿತು. ಮಹಾನಂದಾಳದೂ ಅದರಲ್ಲೇ ಇತ್ತು.

ಸಿದ್ದರಾಮೇಶ ಆ ಹುಡುಗಿಯನ್ನು ಬಾಯಿಗೆ ಬಂದಂತೆ ಬೈದ. ನಾಗರತ್ನಾ ಕನ್ನಡದಲ್ಲಿ ಹೊಸ ಕೈಪಿಡಿ ಬರೆಯಲು ಕೂತಳು. ಉದಾಹರಣೆಗೆ ನಮ್ಮ ಹೆಸರು, ನಮ್ಮ ಊರುಗಳನ್ನೇ ತೆಗೆದುಕೊಂಡಳು. ಅಲಿಯಾಸಿನೊಳಗೆ ‘ಈಗಿರುವ ಫೋಲ್ಡರ್’ ಎಂದು ಸೂಚಿಸಿ ಡಬಲ್ ಕೋಟ್ ಹಾಕಿದರೆ, ಅಲಿಯಾಸ್ ಬರೆದಾಗ ಎಲ್ಲಿದ್ದೆವೋ ಅದೇ ಖಾಯಂ ಆಗುತ್ತದೆ. ಸಿಂಗಲ್ ಕೋಟ್ ಹಾಕಿದರೆ, ಬಳಸುವಾಗ ಎಲ್ಲಿದ್ದೇವೋ ಅದನ್ನು ನೋಡಿಕೊಳ್ಳುತ್ತದೆ. ರೊಟ್ಟಿ ಬಡಿಯುತ್ತಲೇ ಇದನ್ನು ನನಗೆ ಹೇಳುತ್ತಿದ್ದಳು. ನನ್ನ ದಡ್ಡ ತಲೆಗೆ ಹತ್ತಿದ ಮೇಲೆಯೇ ಕಾಗದಕ್ಕಿಳಿಸಿದಳು.

ಇಂಥ ಕೈಪಿಡಿಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವ ಬಳಗವೊಂದಕ್ಕೆ ಕೇಂದ್ರದ ಮೇಲ್‌ನಿಂದ ಕಳಿಸಿದಳು. ಅವರು ಮೆಚ್ಚಿ, ಬರೆದವರು ಯಾರೆಂದು ಕೇಳಿದರು. ಆ ಮೇಲ್‌ಗೆ ಉತ್ತರ ಕೊಟ್ಟವನು ಸಿದ್ದರಾಮೇಶ. ಕೊಟ್ಟದ್ದು ತನ್ನ ಹೆಸರು.

ಇದು ಅವಳಿಗೆ ಗೊತ್ತಾದದ್ದು ಅಫಜಲಪುರದ ಕಾಲೇಜೊಂದರ ಸಂದರ್ಶನದಲ್ಲಿ. ಅಲ್ಲಿ ಲ್ಯಾಬ್ ಹುದ್ದೆ ಖಾಲಿಯಿತ್ತು, ತನ್ನದೇ ಸಂಬಳ ಬರುವ ಕೆಲಸ. ಅದು ಸಿಕ್ಕೇ ಸಿಗುತ್ತದೆಂದು ಅವಳು ನಂಬಿದ್ದಳು. ನಾನೇ ಬರೆದ ಕೈಪಿಡಿ ಎಂದು ಅರ್ಜಿಯಲ್ಲಿ ಹೇಳಿಕೊಂಡಿದ್ದಳು. ಸಂದರ್ಶಕರು ಅಲ್ಲೇ ಅದನ್ನು ಮೊಬೈಲಿನಲ್ಲಿ ತೆರೆದು, ಅರ್ಜಿಯಲ್ಲಿದ್ದ ಗಂಡನ ಹೆಸರೇ ಅದರ ಮೇಲಿರುವುದನ್ನು ನೋಡಿ, ಯಜಮಾನರ ಕೆಲಸವನ್ನೂ ತಮ್ಮದೇ ಎನ್ನುವ ಹೆಂಗಸರು ಇದ್ದಾರೆ ನೋಡಿ ಎಂದು ತಮ್ಮತಮ್ಮಲ್ಲೇ ನಕ್ಕರಂತೆ. ಕೆಲಸ ಸಿಗಲಿಲ್ಲ.

ಆ ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. ಹೆಸರು ಬದಲಿಸಲು ಬಳಗಕ್ಕೆ ಬರೆಯಿರಿ ಎಂದು ಅವಳು ಗಂಡನನ್ನು ಕೇಳಿದಳು. ಸಿದ್ದರಾಮೇಶ ಫೋನಿನಿಂದ ತಲೆ ಎತ್ತಲಿಲ್ಲ.

“ಹೆಸರು ಯಾರದಿದ್ರೇನು? ಮನಿ ಒಂದ ಅಲ್ಲೇನು?”

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ, ಬಾಯಿಬಿಟ್ಟು ಹೇಳುವುದೇ ಇಲ್ಲ. ರೇಷನ್ ಕಾರ್ಡು ಮಾಡಿಸಲು ಹೋದಾಗಲೂ ಪಕ್ಕದವರಿಂದ ಹೇಳಿಸುವವರಿದ್ದಾರೆ. ನಾಗರತ್ನಾ ಅವನ ಮುಂದೆ ನಿಂತು ಮೆತ್ತಗೇ ಹೇಳಿದಳು.

“ಸಿದ್ದರಾಮೇಶ, ಅದು ನಾ ಬರದದ್ದು. ನನ್ನ ಹೆಸರು ಹಾಕ್ರಿ.”

ಅತ್ತೆ ರೇವಮ್ಮ ಅಡುಗೆಮನೆಯಿಂದ ಹೊರಗೆ ಬಂದರು. “ಗಂಡನ ಹೆಸರು ಹಿಡೀತಿಯೇನು ಬೇ?”

ಅವನು ಉಣ್ಣದೆ ಎದ್ದು ಆಳಂದದಲ್ಲಿರುವ ಅಕ್ಕನ ಮನೆಗೆ ಹೋಗಿಬಿಟ್ಟ. ಮುನಿದ ಗಂಡನನ್ನು ಕರೆತರಲು ಓಣಿಯ ಹಿರಿಯರೇ ಜೀಪು ಮಾಡಿಕೊಂಡು ಹೋದರು. ಬಂದ ಮೇಲೆ ನಡುಮನೆಯಲ್ಲಿ ಜಮಖಾನೆ ಹಾಸಿ ಎಲ್ಲರೂ ಕೂತರು. ನಾನು ಕೈಪಿಡಿಯ ಮಾತು ತೆಗೆದೆ. ಅದು ಆಮೇಲೆ ನೋಡಿದರಾಯಿತು ಎಂದು ನನ್ನ ಬಾಯಿ ಮುಚ್ಚಿಸಿದರು. ಆಮೇಲೆ ಎಂಬುದು ಇನ್ನೂ ಬಂದಿಲ್ಲ. ಅಂದು, ಅಷ್ಟು ಜನರ ಎದುರಿಗೆ, ಹೆಸರು ಹಿಡಿದದ್ದು ತಪ್ಪಾಯಿತು ಎಂದು ಗಂಡನ ಕಾಲು ಮುಟ್ಟಿದವಳು ನಾಗರತ್ನಾ.